ಹಾಕಿ ಆಡೋಕೆ ಎಂಥ ಗ್ಲೌಸ್ ತಗೊಳ್ಳಬೇಕು? ನಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದಾ?

ಫೀಲ್ಡ್ ಹಾಕಿಗೆ ಅಂದುಕೊಂಡು ಹೇಳ್ತೀನಿ. ಮೊದಲು ಎಡಗೈಗೆ ತಗೊಳ್ಳಿ, ಬಲಗೈದು ಆಮೇಲೆ ನೋಡಿದರಾಯ್ತು. ಸ್ಟಿಕ್‌ನ ಮೇಲ್ತುದಿ ಹಿಡಿಯೋದು ಎಡಗೈ. ಚೆಂಡು ತಡೆಯೋಕೆ ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿದಾಗ ಟರ್ಫ್‌ಗೆ ಉಜ್ಜಿ ಸಿಪ್ಪೆ ಏಳೋದು ಆ ಕೈಯ ಗೆಣ್ಣುಗಳೇ. ಹಾಗಾಗಿ ಗೆಣ್ಣಿನ ಮೇಲೆ ಗಟ್ಟಿ ಫೋಮ್ ಇರಲೇಬೇಕು, ಕಿರುಬೆರಳಿನ ಹೊರಬದಿಗೂ ಇದ್ದರೆ ಇನ್ನೂ ಒಳ್ಳೆಯದು.

ಹೊರಾಂಗಣಕ್ಕೆ ಅರ್ಧ ಬೆರಳಿನದು ಸಾಕು ಅನ್ನೋರು ಜಾಸ್ತಿ. ಒಳಾಂಗಣ ಹಾಕಿಯಲ್ಲಿ ಕೈ ಸದಾ ನೆಲದ ಹತ್ತಿರವೇ ಇರುತ್ತೆ, ಅಲ್ವಾ? ಅದಕ್ಕೆ ಪೂರ್ತಿ ಬೆರಳಿನದೇ ಸರಿ.

ಅಂಗಡಿಯಲ್ಲಿ ಸುಮ್ನೆ ಕೈಗೆ ಹಾಕಿ ನೋಡಿದರೆ ಅಳತೆ ಗೊತ್ತಾಗಲ್ಲ, ಸ್ಟಿಕ್ ಹಿಡಿದು ಮಣಿಕಟ್ಟು ತಿರುಗಿಸಿ ರಿವರ್ಸ್ ಮಾಡಿ, ಅಂದ್ರೆ ಸ್ಟಿಕ್ಕನ್ನು ಮಗುಚಿ ನೋಡಿ, ಅಂಗೈಯಲ್ಲಿ ಬಟ್ಟೆ ಮಡಿಕೆ ಬಿದ್ದರೆ ಅದು ದೊಡ್ಡದು, ಬೆರಳ ಸಂದು ಎಳೆದರೆ ಚಿಕ್ಕದು. ಒಂಚೂರು ಬಿಗಿಯಾಗಿರಲಿ, ಬಳಸ್ತಾ ಸಡಿಲ ಆಗುತ್ತೆ.

ಬದಲಾವಣೆ ವಿಷಯಕ್ಕೆ ಬಂದರೆ, ಹಿಡಿತ ಸಿಗ್ತಿಲ್ಲ ಅಂದರೆ ಅಂಗೈ ಭಾಗದ ಬಟ್ಟೆಯನ್ನು ಕತ್ತರಿಸಿ ತೆಗೀಬಹುದು. ಅಂಚನ್ನು ಮಾತ್ರ ಹೊಲಿಸಿಬಿಡಿ, ಇಲ್ಲಾಂದ್ರೆ ನೂಲು ಬಿಚ್ಚಿಕೊಂಡು ಹೋಗುತ್ತೆ. ಹೆಬ್ಬೆರಳಿನ ತುದಿ ಕತ್ತರಿಸೋದೂ ಉಂಟು. ಫೋಮ್‌ಗೆ ಮಾತ್ರ ಕೈ ಹಾಕಬೇಡಿ. ಮೇಲೆ ಇನ್ನೊಂದು ಪದರ ಅಂಟಿಸೋ ಆಸೆಯೂ ಬೇಡ, ಕೈಯ ಸಹಜ ಗಾತ್ರವನ್ನು ತುಂಬಾ ಹೆಚ್ಚಿಸೋ ಗ್ಲೌಸ್‌ಗೆ ನಿಯಮದಲ್ಲಿ ಅವಕಾಶ ಇಲ್ಲ.

ಆಟ ಮುಗಿದ ಮೇಲೆ ಬ್ಯಾಗಲ್ಲೇ ಬಿಡಬೇಡಿ. ಆ ವಾಸನೆ ಆಮೇಲೆ ಹೋಗಲ್ಲ.