ನೀವು ಕೇಳಿದಿರಿ: ಜನ ಜಾಸ್ತಿಯಾದರೆ ದೋಣಿ ಏಳುವುದಿಲ್ಲ

ಪ್ರಶ್ನೆ: ಸರ್, ಹೊನ್ನಾವರದಲ್ಲಿ ಶರಾವತಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಪ್ರವಾಸಿಗರನ್ನು ಸುತ್ತಿಸುತ್ತೇನೆ. 20 ಅಡಿ ಫೈಬರ್ ದೋಣಿ, ಹಿಂದೆ ತೂಗುಹಾಕಿದ 25 ಎಚ್‌ಪಿ ಔಟ್‌ಬೋರ್ಡ್ ಇಂಜಿನ್. ಇಬ್ಬರಿದ್ದರೆ ಪೂರ್ತಿ ಥ್ರಾಟಲ್‌ನಲ್ಲಿ 5,400 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತು). ಹತ್ತು ಜನ ಕೂತರೆ 4,800 ದಾಟುವುದಿಲ್ಲ, ಇಂಜಿನ್ ಒದ್ದಾಡುತ್ತದೆ. ಇಂಜಿನ್ ಪುಸ್ತಕದಲ್ಲಿ 5,000–6,000 ಇರಬೇಕು ಎಂದಿದೆ. ಫ್ಯಾನ್ (ಪ್ರೊಪೆಲ್ಲರ್) ಮೇಲೆ 9 7/8 × 13 ಎಂದಿದೆ. ದೊಡ್ಡ ಇಂಜಿನ್ ಹಾಕಲಾ?

ಉತ್ತರ: ಸುಮ್ನೆ ದುಡ್ಡು ಹಾಳು. ಹತ್ತು ಜನಕ್ಕೆ ಪರವಾನಗಿ ಇದೆ ಎಂದುಕೊಂಡೇ ಬರೆಯುತ್ತಿದ್ದೇನೆ, ಇದೆ ಅಲ್ವಾ?

ಮೊದಲ ಅಂಕಿ ಫ್ಯಾನಿನ ಅಗಲ. 13 ಅನ್ನುವುದು ಪಿಚ್. ಒಂದು ಸುತ್ತಿಗೆ ಲೆಕ್ಕದಲ್ಲಿ 13 ಇಂಚು ಮುಂದೆ ಹೋಗಬೇಕು. ನೀರು ಜಾರುವುದರಿಂದ ಅಷ್ಟು ಹೋಗುವುದಿಲ್ಲ. ಭಾರದ ದೋಣಿಗೆ ಜಾಸ್ತಿ ಪಿಚ್ ಅಂದರೆ, ತುಂಬಿದ ಬಸ್ಸನ್ನು ದೇವಿಮನೆ ಘಾಟಿಯಲ್ಲಿ ಟಾಪ್ ಗೇರಿನಲ್ಲಿ ಹತ್ತಿಸಿದಂತೆ. ಪಿಚ್ ಒಂದು ಇಂಚು ಇಳಿದರೆ ಸುಮಾರು 150–200 ಆರ್‌ಪಿಎಂ ಏರುತ್ತದೆ. ನೀವು 11ಕ್ಕೆ ಇಳಿಸಿ. ತುಂಬಿದಾಗ 5,100–5,200 ಸಿಗುತ್ತದೆ, ಇಬ್ಬರೇ ಇದ್ದಾಗಲೂ 6,000 ದಾಟುವುದಿಲ್ಲ. 9ಕ್ಕೆ ಹೋಗಬೇಡಿ, ಖಾಲಿ ದೋಣಿಯಲ್ಲಿ ಇಂಜಿನ್ ಮಿತಿ ಮೀರಿ ಕಿರುಚುತ್ತದೆ. ಖಾಲಿ ಓಡಿಸುವಾಗ ವೇಗ ಸ್ವಲ್ಪ ತಗ್ಗಬಹುದು. ಕಾಂಡ್ಲಾ ನೋಡಲು ಬಂದವರಿಗೆ ಅವಸರ ಏನಿದೆ?

ಅಂಗಡಿಗೆ ಹೋಗುವ ಮೊದಲು ದೋಣಿಯನ್ನು ಮರಳಿಗೆ ಎಳೆದು ತಳ ನೋಡಿ. ಉಪ್ಪುನೀರಲ್ಲಿ ನಿಂತ ದೋಣಿಗೆ ಚಿಪ್ಪು ಹಿಡಿಯುತ್ತದೆ. ಅದನ್ನು ಕೆರೆಯದೆ ತೆಗೆದ ಆರ್‌ಪಿಎಂ ಲೆಕ್ಕ ನಂಬಬೇಡಿ. ರೆಕ್ಕೆಯ ಅಂಚನ್ನು ಬೆರಳಿನಿಂದ ಸವರಿ, ಮಡಚಿದ್ದರೆ ಗೊತ್ತಾಗುತ್ತದೆ.

ಸ್ಟೀಲ್ ಫ್ಯಾನ್ ಬೇಡ. ಕಲ್ಲಿಗೆ ತಾಗಿದರೆ ಅಲ್ಯೂಮಿನಿಯಂ ತಾನು ಬಗ್ಗುತ್ತದೆ. ಸ್ಟೀಲ್ ಸುಲಭಕ್ಕೆ ಬಗ್ಗದು, ಪೆಟ್ಟು ಒಳಗಿನ ಗೇರಿನ ಕಡೆ ಹೋಗುತ್ತದೆ.

ಹೊಸದನ್ನು ಹಾಕುವಾಗ ಒಂದು ಕೆಲಸ ಮಾಡಿ. ನಡುವಿನ ಗುಂಬದ ಹಿಂದೆ, ಒಳಗಿನ ಲೋಹದಿಂದ ಹೊರಗಿನ ಲೋಹದವರೆಗೆ ಬಿಳಿ ಪೇಂಟಿನ ಗೆರೆ ಎಳೆಯಿರಿ. ಮಧ್ಯದಲ್ಲಿ ರಬ್ಬರ್ ಇದೆ. ಗೆರೆ ತುಂಡಾಗಿ ಅತ್ತಿತ್ತ ಸರಿದಿದ್ದರೆ ರಬ್ಬರ್ ಜಾರಿದೆ ಎಂದರ್ಥ. ನನಗೆ ಒಮ್ಮೆ ಹಾಗಾಗಿತ್ತು. ಇಂಜಿನ್ ಕೂಗುತ್ತಿತ್ತು, ದೋಣಿ ಮಾತ್ರ ಇದ್ದಲ್ಲೇ. ಅಳಿವೆಯಿಂದ ಹುಟ್ಟು ಹಾಕಿಕೊಂಡು ಮನೆಗೆ ಬಂದಾಗ ರಾತ್ರಿ ಒಂಬತ್ತು. ಅಂದಿನಿಂದ ಹಳೇ ಫ್ಯಾನ್, ಸ್ಪ್ಯಾನರ್, ಫ್ಯಾನಿನ ನಟ್ ಕಳಚದಂತೆ ಹಿಡಿಯುವ ಎರಡು ಕಾಟರ್ ಪಿನ್ ನನ್ನ ದೋಣಿಯಲ್ಲೇ ಇರುತ್ತವೆ. ನಿಮ್ಮ 13ರ ಫ್ಯಾನನ್ನೂ ಮಾರಬೇಡಿ.

ಪ್ರಶ್ನೆ: ಮೂರರ ಬದಲು ನಾಲ್ಕು ರೆಕ್ಕೆ ಹಾಕಿದರೆ ವೇಗ ಜಾಸ್ತಿ ಆಗುತ್ತಾ?

ಉತ್ತರ: ಸಾಮಾನ್ಯವಾಗಿ ಇಲ್ಲ, ತುಸು ಕಮ್ಮಿಯೇ ಆಗುತ್ತದೆ. ನೀರಿನ ಹಿಡಿತ ಚೆನ್ನಾಗಿರುತ್ತದೆ, ನಡುಕ ಕಮ್ಮಿ. ಭಾರ ಹೊರುವ ದೋಣಿಗೆ ಸರಿ, ರೇಸಿಗಾದರೆ ಮೂರೇ ಇರಲಿ.