ತಲೆಗೆ ಪೆಟ್ಟು, ಮೆಕ್ಸಿಕೊದ ಮದ್ದು

ಪ್ರಶ್ನೆ: ಮೂರು ವರ್ಷದ ಹಿಂದೆ ನನ್ನ ತಮ್ಮ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಹತ್ತು ನಿಮಿಷ ಪ್ರಜ್ಞೆ ಇರಲಿಲ್ಲ, ಆಪರೇಷನ್ ಬೇಕಾಗಲಿಲ್ಲ. ಈಗ ಸಣ್ಣದಕ್ಕೂ ರೇಗುತ್ತಾನೆ, ನಿದ್ದೆ ಸರಿಯಿಲ್ಲ, ಹೇಳಿದ್ದು ಮರೆಯುತ್ತಾನೆ. ಟೆಕ್ಸಸ್‌ನಲ್ಲಿರುವ ಚಿಕ್ಕಪ್ಪನ ಮಗ ‘ಮೆಕ್ಸಿಕೊದಲ್ಲಿ ಐಬೊಗೇನ್ ಅಂತ ಕೊಡ್ತಾರೆ, ಒಂದೇ ಸಲಕ್ಕೆ ವಾಸಿ’ ಎನ್ನುತ್ತಾನೆ. ನಿಜವೇ?
— ಹೆಸರು ಬೇಡ, ಹಾಸನ

ಉತ್ತರ: ಪೂರ್ತಿ ಗಾಳಿಮಾತಲ್ಲ. ಐಬೊಗೇನ್ ಎಂಬುದು ಮಧ್ಯ ಆಫ್ರಿಕದ ಇಬೊಗ ಗಿಡದ ಬೇರಿನ ತೊಗಟೆಯಲ್ಲಿರುವ ಭ್ರಾಂತಿಕಾರಕ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನೋಲನ್ ವಿಲಿಯಮ್ಸ್ ತಂಡ 2024ರ ಜನವರಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ವಿಶೇಷ ಪಡೆಗಳ 30 ಮಾಜಿ ಸೈನಿಕರಿದ್ದರು. ಎಲ್ಲರೂ ಗಂಡಸರು, ಹೆಚ್ಚಿನವರಿಗೆ ಆಗಿದ್ದು ಸೌಮ್ಯ ಬಗೆಯ ಪೆಟ್ಟು, ಅದೂ ಮತ್ತೆ ಮತ್ತೆ. ಮೆಕ್ಸಿಕೊದ ಕ್ಲಿನಿಕ್‌ನಲ್ಲಿ ಅವರಿಗೆ ದೇಹತೂಕದ ಕಿಲೋಗೆ ಸುಮಾರು 12 ಮಿ.ಗ್ರಾಂ. ಐಬೊಗೇನ್ ನುಂಗಿಸಿ, ಜೊತೆಗೆ ರಕ್ತನಾಳಕ್ಕೆ ಮೆಗ್ನೀಸಿಯಂ ಕೊಟ್ಟರು. ದಿನನಿತ್ಯದ ಬದುಕಿನ ತೊಡಕನ್ನು ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ಅಂಕ ಒಂದು ತಿಂಗಳಲ್ಲಿ ಸರಾಸರಿ 30ರಿಂದ 5ಕ್ಕೆ ಇಳಿಯಿತು. ಖಿನ್ನತೆ, ಆಘಾತದ ನೆನಪಿನ ಕಾಟವೂ ಬಹಳ ತಗ್ಗಿದವು.

‘ಒಂದೇ ಸಲಕ್ಕೆ ವಾಸಿ’ ಎನ್ನುವಷ್ಟು ಗಟ್ಟಿ ಮಾತು ಮಾತ್ರ ಇದಲ್ಲ. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಮದ್ದು ತಗೊಂಡೆ ಎಂಬುದು ಪ್ರತಿಯೊಬ್ಬರಿಗೂ ಗೊತ್ತಿತ್ತು. ಭರವಸೆಯಿಂದಲೇ ದೇಶ ಬಿಟ್ಟು ಹೋದವರು ಅವರು. ಮೊದಲೂ ಆಮೇಲೂ ಆಪ್ತಸಲಹೆ ಸಿಕ್ಕಿತ್ತು. ಇದರಲ್ಲಿ ಮದ್ದಿನ ಪಾಲೆಷ್ಟು, ಉಳಿದದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಅಮೆರಿಕದಲ್ಲಿ ಐಬೊಗೇನ್ ನಿಷಿದ್ಧ ವಸ್ತು, ಅದಕ್ಕೇ ಮೆಕ್ಸಿಕೊ. ಟೆಕ್ಸಸ್ ಸರ್ಕಾರ 2025ರಲ್ಲಿ ಐದು ಕೋಟಿ ಡಾಲರ್ ತೆಗೆದಿಟ್ಟಿದ್ದೂ ಐಬೊಗೇನ್‌ನ ಪ್ರಯೋಗಕ್ಕೇ.

ಪ್ರಶ್ನೆ: ಹೋಗುವುದೇ ಆದರೆ ಯಾವ ಪರೀಕ್ಷೆ ಮಾಡಿಸಬೇಕು? ಅವನು ಫಿಟ್ಸ್ ತಡೆಯುವ ಲೆವೆಟಿರಾಸಿಟಮ್, ಖಿನ್ನತೆಯ ಮಾತ್ರೆ ಎಸಿಟಲೋಪ್ರಾಮ್, ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್-ಡೊಂಪೆರಿಡೋನ್ ತಗೊಳ್ಳುತ್ತಾನೆ.
— ಅವರೇ

ಉತ್ತರ: ಈ ಮಾತ್ರೆಪಟ್ಟಿ ಹೀಗೇ ಇರುವಾಗ ಹೋಗಲೇಬಾರದು. ಐಬೊಗೇನ್‌ನಿಂದ ಸತ್ತವರ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವುದು ಹೃದಯದ ಲಯ ತಪ್ಪಿದ್ದು. ಪ್ರತಿ ಬಡಿತದ ನಂತರ ಹೃದಯದ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಹರಿದು ಮುಂದಿನ ಬಡಿತಕ್ಕೆ ಅಣಿಯಾಗಬೇಕು. ಐಬೊಗೇನ್ ಆ ದಾರಿಗೇ ಅಡ್ಡ ನಿಲ್ಲುತ್ತದೆ. ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರ ಉದ್ದವಾಗುತ್ತದೆ. ಅದು ಮಿತಿ ಮೀರಿದರೆ ಲಯ ಕೆಟ್ಟು ರಕ್ತ ಪಂಪಾಗುವುದೇ ನಿಲ್ಲಬಹುದು. ನಿಮ್ಮ ಪಟ್ಟಿಯ ಎಸಿಟಲೋಪ್ರಾಮ್, ಡೊಂಪೆರಿಡೋನ್ ಎರಡೂ ಇದೇ ಅಂತರ ಹೆಚ್ಚಿಸುವ ಮಾತ್ರೆಗಳು. ಗ್ಯಾಸ್ಟ್ರಿಕ್ ಮಾತ್ರೆಯನ್ನು ಯಾರೂ ‘ಔಷಧಿ’ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ, ಕ್ಲಿನಿಕ್‌ನವರು ಕೇಳಿದಾಗ ಬಾಯಿ ತಪ್ಪುವುದು ಅಲ್ಲೇ. ಖಿನ್ನತೆಯ ಬೇರೆ ಮಾತ್ರೆಗಳಾದ ಫ್ಲೂಆಕ್ಸಿಟಿನ್, ಪ್ಯಾರಾಕ್ಸಿಟಿನ್‌ದು ಇನ್ನೊಂದು ತರಹದ ತೊಂದರೆ: ಲಿವರ್ ಐಬೊಗೇನನ್ನು ಕರಗಿಸುವುದನ್ನು ನಿಧಾನ ಮಾಡಿ, ರಕ್ತದಲ್ಲಿ ಅದರ ಪ್ರಮಾಣ ಏರಿಸುತ್ತವೆ.

ಇನ್ನೊಂದು ಸುಳಿ ಇದೆ. ಐಬೊಗೇನ್ ತಗೊಂಡರೆ ವಾಂತಿ ಸಾಮಾನ್ಯ. ವಾಂತಿಯಿಂದ ಪೊಟ್ಯಾಸಿಯಂ ಇಳಿಯುತ್ತದೆ, ಅದು ಇಳಿದರೆ ಕ್ಯೂಟಿ ಮತ್ತಷ್ಟು ಉದ್ದ. ವಾಂತಿ ನಿಲ್ಲಿಸಲೆಂದು ಒಂಡನ್‌ಸೆಟ್ರಾನ್ ಕೊಟ್ಟರೆ ಅದೂ ಕ್ಯೂಟಿ ಹೆಚ್ಚಿಸುವುದೇ!

ಆದ್ದರಿಂದ ಕನಿಷ್ಠ ಪರೀಕ್ಷೆ ಎಂದರೆ: ಹೃದಯತಜ್ಞರು ಕಣ್ಣಾರೆ ನೋಡಿದ 12 ಲೀಡ್ ಇಸಿಜಿ, ಎಕೊ (ಹೃದಯದ ಸ್ಕ್ಯಾನ್), ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ, ಲಿವರ್ ಪರೀಕ್ಷೆ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ತಪ್ಪದೆ ಹೇಳಿ. ಇಸಿಜಿ ಯಂತ್ರ ತಾನೇ ಅಚ್ಚೊತ್ತುವ ಅಂಕಿಯನ್ನೇ ನಂಬಬಾರದು. ಮದ್ದಿನ ದಿನ ಬಿಡದೆ ಮಾನಿಟರ್, ಪಕ್ಕದಲ್ಲೇ ಶಾಕ್ ಕೊಡುವ ಯಂತ್ರ, ಅದನ್ನು ಬಳಸಬಲ್ಲ ವೈದ್ಯರು ಬೇಕು. ಐಬೊಗೇನ್ ಒಡೆದು ಆಗುವ ನೊರೈಬೊಗೇನ್ ದೇಹದಲ್ಲಿ ದಿನಗಟ್ಟಲೆ ಉಳಿಯುವುದರಿಂದ ಮರುದಿನವೂ ಅಪಾಯ ಮುಗಿದಿರುವುದಿಲ್ಲ. ಕಾಲು ತೂರಾಡುತ್ತದೆ, ಬಚ್ಚಲಿಗೆ ಒಬ್ಬನೇ ಎದ್ದು ಹೋಗಿ ಬಿದ್ದರೆ ಪೆಟ್ಟಾದ ತಲೆಗೇ ಮತ್ತೆ ಪೆಟ್ಟು.

ಇದಕ್ಕಿಂತ ಮುಂಚೆ ಮಾಡಬೇಕಾದ್ದು ಇನ್ನೊಂದಿದೆ. ಲೆವೆಟಿರಾಸಿಟಮ್ ತಾನೇ ಕೆಲವರಲ್ಲಿ ವಿಪರೀತ ಸಿಡುಕು ತರುತ್ತದೆ. ತಲೆಪೆಟ್ಟಿನ ಮೊದಲ ವಾರ ಫಿಟ್ಸ್ ಬಾರದಿರಲೆಂದು ಶುರು ಮಾಡಿದ ಮಾತ್ರೆ, ‘ನಿಲ್ಲಿಸಿ’ ಎಂದು ಯಾರೂ ಹೇಳದೆ ವರ್ಷಗಟ್ಟಲೆ ನಡೆಯುವುದುಂಟು. ತಮ್ಮನಿಗೆ ಒಮ್ಮೆಯೂ ಫಿಟ್ಸ್ ಬಂದಿಲ್ಲವಾದರೆ ನರರೋಗ ತಜ್ಞರನ್ನು ನೇರವಾಗಿ ಕೇಳಿ: ಇದು ಇನ್ನೂ ಬೇಕೇ, ಬದಲಿ ಇದೆಯೇ? ನೀವಾಗಿ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ಎಸಿಟಲೋಪ್ರಾಮನ್ನೂ ಹಾಗೇ ಬಿಡುವಂತಿಲ್ಲ. ಬೆಳಿಗ್ಗೆ 8ರ ಹೊತ್ತಿಗೆ ಕಾರ್ಟಿಸೋಲ್, ಥೈರಾಯ್ಡ್, ಟೆಸ್ಟೋಸ್ಟಿರೋನ್ ಹಾರ್ಮೋನ್‌ಗಳನ್ನು ನೋಡಿಸಿ. ಪೆಟ್ಟು ಮಿದುಳಿನ ಅಡಿಯ ಹಾರ್ಮೋನ್ ಗ್ರಂಥಿ ಪಿಟ್ಯುಟರಿಗೆ ತಾಗಿದ್ದರೆ ಸುಸ್ತು, ಮರೆವು, ಬೇಸರ ಎಲ್ಲವೂ ಅಲ್ಲಿಂದಲೇ ಬರಬಹುದು. ಜೋರಾಗಿ ಗೊರಕೆ ಹೊಡೆಯುತ್ತಾನಾದರೆ ನಿದ್ದೆಯ ಪರೀಕ್ಷೆಯೂ ಆಗಲಿ. ತಲೆನೋವೂ ಇದ್ದು, ನೋವಿನ ಮಾತ್ರೆ ತಿಂಗಳಲ್ಲಿ 15 ದಿನಕ್ಕೆ ಮುಟ್ಟಿದ್ದರೆ ಆ ನೋವು ಮಾತ್ರೆಯದೇ ಇರಬಹುದು.

ಪ್ರಶ್ನೆ: ನಮ್ಮ ಅಂಗಳದ ನಂದಿಬಟ್ಟಲು ಈ ಇಬೊಗ ಗಿಡದ ಜಾತಿಯದೇ ಅಂತೆ. ಬೇರಿನ ಕಷಾಯ ಮಾಡಬಹುದೇ?
— ಓದುಗರೊಬ್ಬರು, ಶಿರಸಿ

ಉತ್ತರ: ಬೇಡ. ಕುಟುಂಬ ಒಂದೇ ನಿಜ. ನಂದಿಬಟ್ಟಲಲ್ಲಿ ಐಬೊಗೇನ್‌ನ ದಾಯಾದಿಯಂಥ ಕೊರೊನಾರಿಡಿನ್ ಇದೆ. ಆದರೆ ಒಂದು ಲೋಟ ಕಷಾಯದಲ್ಲಿ ಅದೆಷ್ಟು, ಜೊತೆಗೆ ಇನ್ನೇನೇನು ಎಂದು ಅಳೆಯದೆ ಹೇಳಲಾಗದು. ಅದೇ ಕುಟುಂಬದ ಕಣಗಿಲೆ ಹೃದಯ ನಿಲ್ಲಿಸುವ ವಿಷ ಎಂಬುದು ಹಳ್ಳಿಯವರಿಗೆ ಹೇಳಿಕೊಡಬೇಕಿಲ್ಲ. ಹೂವು ದೇವರಿಗೆ ಏರಿಸಿ.

ಪ್ರಶ್ನೆ: ಕೆಟಮಿನ್ ನಮ್ಮಲ್ಲೇ ಸಿಗುತ್ತದಂತೆ. ಐಬೊಗೇನ್ ಬದಲು ಅದು, ಅಥವಾ ಭ್ರಾಂತಿ ತರುವ ಅಣಬೆ ಆಗುತ್ತದೆಯೇ?
— ಓದುಗರೊಬ್ಬರು, ಮೈಸೂರು

ಉತ್ತರ: ಅಣಬೆಯ ಸೈಲೊಸೈಬಿನ್ ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಬರುತ್ತದೆ, ಇಟ್ಟುಕೊಂಡರೂ ಕೇಸು. ಕಾಡಿನ ಅಣಬೆ ಗುರುತು ತಪ್ಪಿದರೆ ಲಿವರ್ ಹೋಗುತ್ತದೆ. ಕೆಟಮಿನ್ ಮೂಲತಃ ಅರಿವಳಿಕೆ ಮದ್ದು. ಬೇರೆ ಮಾತ್ರೆಗೆ ಬಗ್ಗದ ಖಿನ್ನತೆಗೆ ಮನೋವೈದ್ಯರು ಕಿಲೋಗೆ 0.5 ಮಿ.ಗ್ರಾಂನಂತೆ 40 ನಿಮಿಷ ಡ್ರಿಪ್‌ನಲ್ಲಿ ಕೊಡುವುದುಂಟು. ಆ ಹೊತ್ತಿನಲ್ಲಿ ಬಿಪಿ ಏರುತ್ತದೆ, ಹಾಗಾಗಿ ಆಸ್ಪತ್ರೆಯಲ್ಲೇ ಆಗಬೇಕು. ಅದು ಖಿನ್ನತೆಗೆ, ಮಿದುಳಿನ ಪೆಟ್ಟಿನ ಮರೆವಿಗಲ್ಲ. ಸಾಯುವ ಯೋಚನೆ ಬರುತ್ತಿದ್ದರೆ ಇದಾವುದಕ್ಕೂ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.