‘ದಿ ನ್ಯೂಸ್‌ರೂಮ್’ ಮುಂದುವರಿಸಲೇ, ಬಿಡಲೇ?

ಟಿವಿ ಸುದ್ದಿ ವಾಹಿನಿಯೊಂದರ ತಂಡದ ಕಥೆ ಹೇಳುವ ಈ ಅಮೆರಿಕನ್ ಧಾರಾವಾಹಿಯ ಎರಡು ಕಂತಿಗೇ ಉಪದೇಶ ಕೇಳಿದಂತಾಗಿದೆ, ಅರ್ಧ ಜನ ಯಾಕೆ ಇಷ್ಟು ಹೊಗಳುತ್ತಾರೆ ಎಂದು ಕೇಳಿದ್ದೀರಿ. ಅಭಿಪ್ರಾಯ ಒಡೆಯಲು ಮುಖ್ಯ ಕಾರಣ ಕಥೆಯ ಕಾಲ ಅನ್ನಿಸುತ್ತದೆ. 2012ರಲ್ಲಿ ಪ್ರಸಾರ ಶುರುವಾದ ಧಾರಾವಾಹಿಯ ಕಥೆ 2010ರ ಮೆಕ್ಸಿಕೋ ಕೊಲ್ಲಿಯ ತೈಲ ಸೋರಿಕೆಯಿಂದ ಶುರುವಾಗುತ್ತದೆ. ಬರೆದವರಿಗೆ ಉತ್ತರ ಮೊದಲೇ ಗೊತ್ತಿತ್ತು, ಹಾಗಾಗಿ ಪಾತ್ರಗಳು ಸುಲಭವಾಗಿ ಸರಿಯಾದ ಸುದ್ದಿ ಹಿಡಿಯುತ್ತವೆ. ಕೆಲವರಿಗೆ ಅದು ಆದರ್ಶ, ಉಳಿದವರಿಗೆ ಅಹಂಕಾರ.

ಮೊದಲು ಸೀಸನ್ 1ರ ನಾಲ್ಕನೇ ಕಂತಿನ ಕೊನೆಯ ಭಾಗ ನೋಡಿ. ಗುಂಡೇಟು ತಿಂದ ಅಮೆರಿಕದ ಸಂಸದೆ ಗ್ಯಾಬಿ ಗಿಫರ್ಡ್ಸ್ ತೀರಿಕೊಂಡರೆಂದು ಬೇರೆ ವಾಹಿನಿಗಳು ತಪ್ಪಾಗಿ ಸಾರುವಾಗಲೂ ಕಥೆಯ ಸುದ್ದಿ ತಂಡದವರು ಹಾಗೆ ಘೋಷಿಸಲು ಒಪ್ಪುವುದಿಲ್ಲ. ಆ ಹಠ ನಿಮ್ಮನ್ನು ತಟ್ಟದಿದ್ದರೆ ಅಲ್ಲಿಗೇ ನಿಲ್ಲಿಸಿ.

ತಟ್ಟಿದರೆ ಸೀಸನ್ 1 ಮುಗಿಸಿ ಸೀಸನ್ 2ಕ್ಕೆ ಬನ್ನಿ. ನನ್ನ ಮಟ್ಟಿಗೆ ಅದೇ ಗಟ್ಟಿ ಭಾಗ, ಯಾಕೆಂದರೆ ಅಲ್ಲಿ ಎಡವುವುದು ಇದೇ ತಂಡ. ಅಮೆರಿಕದ ಸೇನೆ ನರಗಳಿಗೆ ಹಾನಿ ಮಾಡುವ ವಿಷಾನಿಲ ಬಳಸಿತೆಂದು ಆರೋಪಿಸಿ, 1998ರಲ್ಲಿ ಸಿಎನ್‌ಎನ್ ಸುದ್ದಿ ವಾಹಿನಿ ಹಿಂತೆಗೆದುಕೊಂಡ ‘ಟೇಲ್‌ವಿಂಡ್’ ವರದಿಯ ನೆರಳು ಅದರ ಮೇಲಿದೆ. ತಂಡದ ಸುದ್ದಿಮೂಲಗಳು ಒಂದನ್ನೊಂದು ಹೇಗೆ ಆತುಕೊಂಡಿವೆ ಎಂಬುದನ್ನು ಗಮನಿಸುತ್ತಾ ಹೋಗಿ. ಕಥೆ ವಕೀಲರ ವಿಚಾರಣೆಯ ಮೂಲಕ ಹಿಂದೆ ಮುಂದೆ ಓಡುವುದರಿಂದ ಒಂಬತ್ತರಲ್ಲಿ ಒಂದು ಕಂತನ್ನೂ ಬಿಡಬೇಡಿ.

ಪ್ರೇಮಪ್ರಸಂಗಗಳು, ಪತ್ರಕರ್ತೆಯರ ಚಿತ್ರಣದ ಬಗೆಗಿನ ದೂರು ನ್ಯಾಯವಾದದ್ದೇ. ಅವನ್ನು ನೀವು ಎಷ್ಟು ಸಹಿಸಬಲ್ಲಿರಿ ಎಂಬುದನ್ನು ಮಾತ್ರ ನಾನು ಹೇಳಲಾರೆ.